ಅಪಾಯದ ಮರ ಕಡಿಯುವಾಗ ಆಗುವ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭರಣಿ ಮಳೆಯ ಹೊತ್ತಿಗೆ ನಮ್ಮ ಕಡೆ ಗಾಳಿ ಏಳುತ್ತದೆ. ಮೊದಲು ಧೂಳು, ಆಮೇಲೆ ನಾಲ್ಕು ಹನಿ, ಅಷ್ಟರಲ್ಲಿ ಎಲ್ಲೋ ಒಂದು ಮರ ಬಿದ್ದ ಸುದ್ದಿ. ಕಾರಟಗಿ, ಗಂಗಾವತಿ, ಸಿಂಧನೂರು ಸುತ್ತ ಇದು ವರ್ಷ ವರ್ಷದ ಮಾತು. ಸುದ್ದಿ ಕೇಳಿದವರು ತಮ್ಮ ಮನೆ ಹಿಂದಿನ ಮರ ನೋಡಿ ಹೆದರುತ್ತಾರೆ. ಮರುದಿನವೇ ಮೆಷಿನ್ ಗರಗಸ ಬಾಡಿಗೆಗೆ ತರುತ್ತಾರೆ. ಆರು ವರ್ಷದ ಹಿಂದೆ ನಾವೂ ಹಾಗೇ ಮಾಡಿದೆವು. ಅವತ್ತು ಆದ ತಪ್ಪುಗಳು ಯಾರ ಮನೆಯಲ್ಲೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಆಮೇಲೆ ಮರ ಕಡಿಯುವ ಕೆಲಸ ಬಲ್ಲವರ ಜೊತೆ ನಿಂತು ಕಲಿತದ್ದೂ ಇದರಲ್ಲಿದೆ.

ನಿಮ್ಮ ಮನೆಯಲ್ಲಿ ಆಗಿದ್ದಾದರೂ ಏನು?

ಮನೆಯ ಹಿಂದೆ ಒಂದು ಹಳೆ ಬೇವಿನ ಮರ ಇತ್ತು. ಎತ್ತರ ಸುಮಾರು 40 ಅಡಿ, ಬೊಡ್ಡೆ ಎರಡು ಅಡಿ ದಪ್ಪ. ಅಡುಗೆಮನೆಯ ಮೇಲೆ ಚಾಚಿದ್ದ ದೊಡ್ಡ ಟೊಂಗೆ ಕವಲಿನಲ್ಲಿ ಬಿರುಕು ಬಿಟ್ಟಿತ್ತು. ಅಪ್ಪನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಡಿಯೋಣ ಅಂತ ತೀರ್ಮಾನ ಆಯಿತು. ಪೂರ್ವಕ್ಕೆ ಬಯಲಿತ್ತು, ಅಲ್ಲಿಗೆ ಕೆಡವುವ ಲೆಕ್ಕ. ಉತ್ತರಕ್ಕೆ 25 ಅಡಿ ದೂರದಲ್ಲಿ ದನದ ಕೊಟ್ಟಿಗೆ.

ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಬಿಗಿದೆವು. ಪೂರ್ವದ ಕಡೆ ಕಚ್ಚು ಹಾಕಿದೆವು, ಅಂದರೆ ಮರ ಬೀಳಬೇಕಾದ ಕಡೆ ಬೊಡ್ಡೆಯಲ್ಲಿ ಬಾಯಿ ತೆರೆದ ಹಾಗೆ ಒಂದು ತುಂಡು ಕೊಯ್ದು ತೆಗೆದೆವು. ಹಿಂದಿನಿಂದ ಗರಗಸ ಹಾಕಿದಾಗ ಮೊದಮೊದಲು ಸರಿಯಾಗೇ ಹೋಯಿತು. ಆಮೇಲೆ ದಕ್ಷಿಣದ ಬದಿಯಲ್ಲಿ ಗರಗಸ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಹೊರಗೆ ಬರುತ್ತಿದ್ದ ಹೊಟ್ಟು ಬದಲಾಯಿತು. ಅಲ್ಲಿಯವರೆಗೆ ಒರಟು ಎಳೆ ಬರುತ್ತಿತ್ತು, ಈಗ ಕಾಫಿ ಪುಡಿಯಂಥ ಕಪ್ಪು, ಒದ್ದೆ ಹುಡಿ. ಮುಗ್ಗಿದ ವಾಸನೆ. ನಾನು ನೋಡಿದೆ. ನೋಡಿಯೂ ಕೈ ನಿಲ್ಲಿಸಲಿಲ್ಲ.

ಮರ ಒಮ್ಮೆ ಪೂರ್ವಕ್ಕೆ ಬಾಗಿತು. ಆಮೇಲೆ ನಿಂತಲ್ಲೇ ತಿರುಚಿಕೊಂಡು ಉತ್ತರಕ್ಕೆ ಹೊರಳಿ ಕೊಟ್ಟಿಗೆ ಮೇಲೆ ಬಿತ್ತು. ತಗಡು ಎಲ್ಲ ಮಡಚಿಹೋಯಿತು. ಅರ್ಧ ತಾಸಿನ ಹಿಂದೆಯಷ್ಟೇ ಅವ್ವ ಕರುವನ್ನು ನೀರಿಗೆ ಅಂತ ಬಿಚ್ಚಿದ್ದಳು. ಅದು ಕಟ್ಟಿದ್ದ ಗೂಟದ ಮೇಲೇ ತೊಡೆಗಾತ್ರದ ಟೊಂಗೆ ಬಿದ್ದಿತ್ತು.

ಮರ ಬೇರೆ ದಿಕ್ಕಿಗೆ ಹೋಗಿದ್ದು ಯಾಕೆ ಅಂತ ಹೇಗೆ ಗೊತ್ತಾಯಿತು?

ಮೋಟು ನೋಡಿ. ಮೊದಲ ಎರಡು ದಿನ ಎಲ್ಲರೂ ಗಾಳಿಗೆ ದೂರು ಹಾಕಿದರು. ಅವತ್ತು ಗಾಳಿಯೇ ಇರಲಿಲ್ಲ. ಮೂರನೇ ದಿನ ಕೊಪ್ಪಳ ಕಡೆಯಿಂದ ಮರ ಕಡಿಯುವ ಹಿರಿಯರೊಬ್ಬರು ಕಟ್ಟಿಗೆ ಕೊಳ್ಳಲು ಬಂದರು. ಅವರು ಕಟ್ಟಿಗೆ ನೋಡುವ ಮೊದಲು ಮೋಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಂಗೈಯಿಂದ ಹೊಟ್ಟು ಸರಿಸಿದರು. ಎರಡು ನಿಮಿಷದಲ್ಲಿ ಎಲ್ಲ ಹೇಳಿದರು, ತಾವೇ ಅಲ್ಲಿ ನಿಂತು ನೋಡಿದ ಹಾಗೆ.

ಮರ ಬೀಳುವಾಗ ಮುಂದಿನ ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಒಂದು ಪಟ್ಟಿ ಕಟ್ಟಿಗೆ ಉಳಿಯಬೇಕು. ಅದೇ ಕೀಲು. ಬಾಗಿಲಿಗೆ ಕೀಲು ಇದ್ದ ಹಾಗೆ. ಅದು ಇರುವ ತನಕ ಮರ ನಾವು ಹೇಳಿದ ಕಡೆ ಬಾಗುತ್ತದೆ. ನಮ್ಮ ಮೋಟಿನಲ್ಲಿ ಉತ್ತರದ ಬದಿಗೆ ಕೀಲಿನ ನಾರು ಗೇಣುದ್ದ ಕಿತ್ತು ನಿಂತಿತ್ತು. ದಕ್ಷಿಣದ ಬದಿಗೆ ಒಂದು ನಾರೂ ಇರಲಿಲ್ಲ. ಸ್ವಲ್ಪ ಭಾಗ ಗೆದ್ದಲು ತಿಂದ ಪೊಳ್ಳು, ಉಳಿದದ್ದನ್ನು ನನ್ನ ಗರಗಸ ಪೂರ್ತಿ ಕೊಯ್ದಿತ್ತು. ಒಂದು ಕೀಲು ಕಿತ್ತ ಬಾಗಿಲು ಇನ್ನೊಂದರ ಮೇಲೆ ಜೋತುಬೀಳುತ್ತದೆ ಅಲ್ವಾ, ಮರವೂ ಹಾಗೇ. ಗಟ್ಟಿ ನಾರು ಉಳಿದ ಕಡೆಗೆ ಎಳೆದುಕೊಂಡು ಹೋಯಿತು.

ಮೂಲದಲ್ಲೇ ಮರ ಉತ್ತರಕ್ಕೆ ವಾಲಿತ್ತು ಅನ್ನುವುದೂ ಆಗಲೇ ಗೊತ್ತಾಗಿದ್ದು. ನಾವು ಅದನ್ನು ನೋಡಿದ್ದು ದಕ್ಷಿಣದ ಅಡುಗೆಮನೆ ಬಾಗಿಲಿನಿಂದ ಮಾತ್ರ. ನಮ್ಮಿಂದ ಆಚೆಗೆ ವಾಲಿದ ಮರ ನಮ್ಮ ಕಣ್ಣಿಗೆ ನೆಟ್ಟಗೇ ಕಾಣುತ್ತದೆ. ಪಕ್ಕಕ್ಕೆ ಹೋಗಿ, ಹುರಿಗೆ ಕಲ್ಲು ಕಟ್ಟಿ ತೂಗಬಿಟ್ಟು ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಇನ್ನೊಂದು ವಿಷಯ ಅವರು ಕೇಳಿದ ಒಂದೇ ಪ್ರಶ್ನೆಯಿಂದ ಹೊರಬಂತು. "ಟ್ರ್ಯಾಕ್ಟರ್ ಎಷ್ಟು ದೂರ ನಿಂತಿತ್ತು?" ಅಳೆದೆವು. 30 ಅಡಿ. ಮರ 40 ಅಡಿ. ಅಂದರೆ ಮರ ನಾವು ಅಂದುಕೊಂಡ ಕಡೆಗೇ ಬಿದ್ದಿದ್ದರೆ ಟ್ರ್ಯಾಕ್ಟರ್ ಮೇಲೆ ಬೀಳುತ್ತಿತ್ತು. ಅದರ ಮೇಲೆ ಕೂತಿದ್ದವನು ನನ್ನ ಚಿಕ್ಕಪ್ಪನ ಮಗ. ಕೊಟ್ಟಿಗೆ ಹೋಯಿತು ಅಂತ ಮೂರು ದಿನ ಅತ್ತವರಿಗೆ, ಇನ್ನೊಂದು ತಪ್ಪು ಆಗದಿದ್ದರೆ ಹುಡುಗನೇ ಹೋಗುತ್ತಿದ್ದ ಅಂತ ಟೇಪು ಹಿಡಿದಾಗಲೇ ಗೊತ್ತಾಗಿದ್ದು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರ ಅಪಾಯದಲ್ಲಿದೆ ಅಂತ ಹೇಗೆ ತಿಳಿಯುವುದು?

ಬುಡದಿಂದ ಶುರು ಮಾಡಿ. ಬುಡದಲ್ಲಿ ಅಣಬೆ ಎದ್ದಿದೆಯಾ? ಒಂದು ಬದಿಯ ಮಣ್ಣು ಉಬ್ಬಿದೆಯಾ, ಇನ್ನೊಂದು ಬದಿಯಲ್ಲಿ ಬಿರುಕು ಬಿಟ್ಟಿದೆಯಾ? ಹಾಗಿದ್ದರೆ ಬೇರು ಹಿಡಿತ ಬಿಡುತ್ತಿದೆ. ಎರೆ ಭೂಮಿಯಲ್ಲಿ ಬೇಸಿಗೆಯ ಬಿರುಕು ಎಲ್ಲ ಕಡೆ ಇರುತ್ತದೆ, ಅದನ್ನೇ ನೋಡಿ ಹೆದರಬೇಡಿ. ಮರದ ಸುತ್ತ ಬಿಲ್ಲಿನ ಹಾಗೆ ಬಾಗಿದ ಬಿರುಕು ಹೊಸದಾಗಿ ಕಂಡರೆ ಮಾತ್ರ ಎಚ್ಚರ ಆಗಿ. ಕಾಲುವೆ ಬದಿಯಲ್ಲಿ, ಗದ್ದೆ ಬದುವಿನಲ್ಲಿ ನೀರು ಯಾವಾಗಲೂ ಮೇಲೇ ಇರುತ್ತದೆ. ಅಲ್ಲಿ ಬೇರು ಆಳಕ್ಕೆ ಇಳಿಯುವುದಿಲ್ಲ. ನೋಡಲು ಸೊಂಪಾಗಿರುವ ಮರವೇ ಒಂದು ಗಾಳಿಗೆ ಬೇರು ಸಮೇತ ಮಗುಚುತ್ತದೆ.

ಆಮೇಲೆ ಕೊಡಲಿಯ ಹಿಂಭಾಗದಿಂದ ಬೊಡ್ಡೆಯ ಸುತ್ತ ಬಡಿದು ಕೇಳಿ. ಗಟ್ಟಿ ಕಟ್ಟಿಗೆ ಕುಟ್ಟಿದ ಸದ್ದು ಬೇರೆ, ಪೊಳ್ಳಿನ ಡೊಳ್ಳು ಸದ್ದು ಬೇರೆ. ಒಂದೇ ಕಡೆ ಬಡಿದು ಸುಮ್ನಾಗಬೇಡಿ. ಪೊಳ್ಳು ಇದ್ದ ಮಾತ್ರಕ್ಕೆ ಮರ ಬೀಳುತ್ತದೆ ಅಂತಲೂ ಅಲ್ಲ. ಹಳೆ ಹುಣಸೆ ಮರಗಳು ಒಳಗೆ ಪೊಳ್ಳಾಗಿ ಹತ್ತಾರು ವರ್ಷ ನಿಲ್ಲುತ್ತವೆ. ಸುತ್ತಲಿನ ಗಟ್ಟಿ ಕಟ್ಟಿಗೆ ಬೊಡ್ಡೆಯ ಅರ್ಧ ಅಗಲದ ಮೂರನೇ ಒಂದು ಭಾಗಕ್ಕಿಂತ ತೆಳ್ಳಗಾದರೆ ಅಪಾಯ ಜಾಸ್ತಿ ಅನ್ನುವುದು ಬಲ್ಲವರ ಲೆಕ್ಕ. ಎರಡು ಅಡಿ ದಪ್ಪದ ಮರಕ್ಕೆ ಸುಮಾರು ನಾಲ್ಕು ಇಂಚು.

ಕೊನೆಗೆ ತಲೆ ಎತ್ತಿ. ಒಣಗಿ ನೇತಾಡುವ ಟೊಂಗೆ ಗರಗಸದ ಅದುರಿಗೇ ಬೀಳಬಹುದು. ಗುಲ್ಮೊಹರ್ ಕಟ್ಟಿಗೆ ಪೆಡಸು, ಫಕ್ಕನೆ ಮುರಿಯುತ್ತದೆ.

ಪೂರ್ತಿ ಕಡಿಯಲೇಬೇಕಾ?

ಬಹಳ ಸಲ ಬೇಡ. ನಮ್ಮ ಬೇವಿನ ಬಿರುಕು ಬಿಟ್ಟ ಟೊಂಗೆ ಒಂದನ್ನು ತೆಗೆಸಿದ್ದರೆ ಅಪ್ಪನ ಹೆದರಿಕೆ ಅರ್ಧ ಹೋಗುತ್ತಿತ್ತು. ಕಟ್ಟೆಯ ಅರಳಿ, ಬನ್ನಿ ಮರಗಳಿಗೆ ಜನ ಕೊಡಲಿ ಹಾಕಲು ಹಿಂಜರಿಯುತ್ತಾರೆ. ಆ ಹಿಂಜರಿಕೆ ಒಳ್ಳೆಯದು. ಭಾರ ಇಳಿಸಿ, ಊರುಗೋಲು ಕೊಟ್ಟು ಉಳಿಸಲು ಆಗುತ್ತದಾ ಅಂತ ಮೊದಲು ನೋಡಿ.

ಅನುಮತಿ ಬೇಕಾ?

ಬೇಕು, ನಿಮ್ಮದೇ ಜಾಗದ ಮರವಾದರೂ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ನೀಲಗಿರಿ, ಸುಬಾಬುಲ್, ತೆಂಗು, ಸರ್ವೆ, ಸಿಲ್ವರ್ ಓಕ್ ಥರದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬೇವು, ಹುಣಸೆಗಳನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ರಸ್ತೆ ಬದಿಯ ಮರವನ್ನು ನೀವಾಗಿ ಮುಟ್ಟಲೇಬೇಡಿ. ಮರದ ಫೋಟೋ ತೆಗೆದಿಡಿ. ಬಿರುಕು, ಅಣಬೆ, ವಾಲಿದ ರೀತಿ ಎಲ್ಲ ಕಾಣಬೇಕು. ಅಧಿಕಾರಿಗೆ ತೋರಿಸಲು ಒಂದು, ನೀವೇ ನಿಧಾನವಾಗಿ ಯೋಚನೆ ಮಾಡಲು ಇನ್ನೊಂದು.

ಹತ್ತಿರ ಕರೆಂಟ್ ತಂತಿ ಇದ್ದರೆ?

ಕೆಲಸ ಶುರು ಮಾಡಬೇಡಿ. 1912ಕ್ಕೆ ಫೋನ್ ಮಾಡಿ, ಇಲ್ಲವೇ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂ ಶಾಖೆಗೆ ಹೋಗಿ ಹೇಳಿ. ಲೈನ್ ಬಂದ್ ಮಾಡಿಸಿ, ಪವರ್‌ಮ್ಯಾನ್ ಬಂದು ಎದುರಿಗೆ ನಿಂತ ಮೇಲೆಯೇ ಗರಗಸ ಎತ್ತಬೇಕು.

ನಮ್ಮ ಕಡೆ ಆಗುವ ದೊಡ್ಡ ತಪ್ಪು ಒಂದಿದೆ. ಪಂಪ್‌ಸೆಟ್ ಲೈನಿಗೆ ಪಾಳಿಯ ಮೇಲೆ ಕರೆಂಟ್ ಬರುತ್ತದೆ. "ಈಗ ಕರೆಂಟ್ ಇಲ್ಲ, ಬೇಗ ಕಡಿದುಬಿಡೋಣ" ಅನ್ನುತ್ತಾರೆ. ಪಾಳಿ ಯಾವಾಗ ಬದಲಾಗುತ್ತದೆ ಅಂತ ಯಾರಿಗೆ ಗೊತ್ತು? ಯಾರದೋ ಜನರೇಟರಿನಿಂದ ಉಲ್ಟಾ ಹರಿದು ಬರುವುದೂ ಉಂಟು. ಸತ್ತ ತಂತಿ ಅಂತ ಬಾಯಿಮಾತಿನಲ್ಲಿ ನಂಬಬೇಡಿ. ಒದ್ದೆ ಹಗ್ಗ, ಹಸಿ ಟೊಂಗೆ ಎರಡರಲ್ಲೂ ಕರೆಂಟ್ ಹರಿಯುತ್ತದೆ. 11 ಕೆ.ವಿ. ತಂತಿ ಮುಟ್ಟದೇ ಇದ್ದರೂ ತೀರ ಹತ್ತಿರ ಹೋದರೆ ಹಾರಿ ಹೊಡೆಯುತ್ತದೆ.

ತಂತಿ ಟ್ರ್ಯಾಕ್ಟರ್ ಮೇಲೆ ಬಿದ್ದರೆ ಇಳಿಯಬೇಡಿ, ಲೈನ್ ಬಂದ್ ಆಗುವ ತನಕ ಅಲ್ಲೇ ಕೂರಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಟ್ರ್ಯಾಕ್ಟರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ ಎರಡೂ ಕಾಲು ಜೋಡಿಸಿ ಜಿಗಿಯಿರಿ. ಆಮೇಲೆ ಕಾಲು ಎತ್ತದೆ ತೆವಳಿಸುತ್ತಾ ದೂರ ಹೋಗಿ.

ಕಚ್ಚು ಎಷ್ಟು ಆಳ, ಕೀಲು ಎಷ್ಟು ದಪ್ಪ ಇರಬೇಕು?

ಬೀಳುವ ಕಡೆಯ ಕಚ್ಚು ಬೊಡ್ಡೆಯ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಆಳ. ಎರಡು ಅಡಿ ಮರಕ್ಕೆ ಐದಾರು ಇಂಚು. ನಾನು ಹಾಕಿದ್ದು ಮೂರೇ ಇಂಚು. ಕಚ್ಚಿನ ಬಾಯಿ ಅಗಲವಾಗಿರಬೇಕು. ಕಿರಿದಾದರೆ ಮರ ಅರ್ಧ ಬಾಗುವಾಗಲೇ ಬಾಯಿ ಮುಚ್ಚಿಕೊಳ್ಳುತ್ತದೆ, ಕೀಲು ಅಲ್ಲಿಗೇ ಮುರಿಯುತ್ತದೆ. ಕಚ್ಚಿನ ಎರಡು ಕೊಯ್ತಗಳು ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಬಾರದು.

ಕೀಲು ಬೊಡ್ಡೆಯ ದಪ್ಪದ ಹತ್ತನೇ ಒಂದು ಭಾಗ. ಎರಡು ಅಡಿಗೆ ಎರಡೂವರೆ ಇಂಚು, ಈ ತುದಿಯಿಂದ ಆ ತುದಿಗೆ ಒಂದೇ ಸಮ. ಹಿಂದಿನ ಕೊಯ್ತ ಕಚ್ಚಿನ ಮೂಲೆಗಿಂತ ಒಂದೆರಡು ಇಂಚು ಮೇಲೆ. ಗರಗಸ ಒಳಗೆ ಹೋದ ಕೂಡಲೇ ಹಿಂದಿನಿಂದ ಬೆಣೆ ಕೂರಿಸಿ, ಮರ ಹಿಂದಕ್ಕೆ ಕೂರುವುದಿಲ್ಲ. ಬೆಣೆ ಪ್ಲಾಸ್ಟಿಕ್ಕಿನದೋ ಗಟ್ಟಿ ಕಟ್ಟಿಗೆಯದೋ ಇರಲಿ. ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಹಲ್ಲು ಸಿಡಿಯುತ್ತದೆ.

ಇದೆಲ್ಲ ಬುಡ ಗಟ್ಟಿ ಇರುವ ಮರದ ಲೆಕ್ಕ. ಕೀಲು ಬರುವ ಜಾಗದಲ್ಲೇ ಪೊಳ್ಳಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಂಥ ಮರವನ್ನು ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕು. ಅದು ಪಳಗಿದವರ ಕೆಲಸ. ಬರೀ ಓದಿಕೊಂಡು ಯಾರೂ ಅದಕ್ಕೆ ಕೈ ಹಾಕಬಾರದು ಅಂತ ಕೈ ಮುಗಿದು ಕೇಳುತ್ತೇನೆ. ಹುಡಿ ಕಪ್ಪಗೆ, ಒದ್ದೆಯಾಗಿ ಬಂತಾ? ಗರಗಸ ಆರಿಸಿ, ದೂರ ಬಂದು ನಿಂತು, ಮತ್ತೆ ಯೋಚಿಸಿ. ಅರ್ಧ ಕೊಯ್ದ ಮರದ ಸುತ್ತ ಯಾರನ್ನೂ ಬಿಡಬೇಡಿ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬಹುದಾ? ಜೆಸಿಬಿಯಿಂದ ನೂಕಬಹುದಾ?

ಹಗ್ಗ ಸಹಾಯಕ್ಕೆ ಮಾತ್ರ, ಮರಕ್ಕೆ ದಾರಿ ತೋರಿಸುವುದು ಕೀಲು. ನಾವು ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಕಟ್ಟಿದ್ದೆವು. ಅಷ್ಟು ಕೆಳಗೆ ಕಟ್ಟಿದರೆ ಎಳೆತಕ್ಕೆ ಬಲವೇ ಇಲ್ಲ. ಮರದ ಮೂರರಲ್ಲಿ ಎರಡು ಪಾಲು ಎತ್ತರಕ್ಕಾದರೂ ಹೋಗಬೇಕು. ಟ್ರ್ಯಾಕ್ಟರ್ ಮರದ ಎತ್ತರದ ಎರಡು ಪಟ್ಟು ದೂರ ಇರಲಿ. ಜಾಗ ಇಲ್ಲದಿದ್ದರೆ ಬೇರೆ ಗಟ್ಟಿ ಮರಕ್ಕೆ ರಾಟೆ ಕಟ್ಟಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿ. ಜಗ್ಗಿ ಎಳೆಯಬೇಡಿ, ಹಗ್ಗ ಬಿಗಿಯಾಗಿದ್ದರೆ ಸಾಕು. ನೈಲಾನ್ ಹಗ್ಗ ಹಿಗ್ಗುತ್ತದೆ, ತುಂಡಾದರೆ ಚಾಟಿಯ ಹಾಗೆ ವಾಪಸ್ ಬರುತ್ತದೆ. ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಜೆಸಿಬಿ ನೂಕಿದಾಗ ಬುಡ ಅಲುಗುತ್ತದೆ, ಒಣಗಿದ ತಲೆ ಮುರಿದು ಕ್ಯಾಬಿನ್ ಮೇಲೆಯೇ ಬೀಳುತ್ತದೆ. ಅಪಾಯದ ಮರಕ್ಕೆ ನನ್ನ ಮಟ್ಟಿಗೆ ಅದು ಬೇಡ.

ಮರ ಬೀಳುವಾಗ ಎಲ್ಲಿಗೆ ಓಡಬೇಕು?

ನೇರ ಹಿಂದಕ್ಕೆ ಅಲ್ಲ. ಬೊಡ್ಡೆ ಹಿಂದಕ್ಕೆ ಒದೆಯಬಹುದು. ಹಿಂದಕ್ಕೆ ಓರೆಯಾಗಿ, ಎಡಕ್ಕೊಂದು ಬಲಕ್ಕೊಂದು ದಾರಿ ಮೊದಲೇ ಗುಡಿಸಿಡಿ. ಕಲ್ಲು, ಜಾಲಿ ಮುಳ್ಳು, ಪೈಪು ಯಾವುದೂ ಕಾಲಿಗೆ ಸಿಗಬಾರದು. ಗರಗಸ ಹಿಡಿದವನನ್ನು ಬಿಟ್ಟು ಉಳಿದವರೆಲ್ಲ ಮರದ ಎರಡು ಪಟ್ಟು ದೂರದಲ್ಲಿ ನಿಲ್ಲಬೇಕು. ಮೆಷಿನ್ ಸದ್ದಿಗೆ ಕೂಗಿದ್ದು ಕೇಳುವುದಿಲ್ಲ. ಸೀಟಿ, ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ. ಹಳ್ಳಿಯಲ್ಲಿ ಮರ ಕಡಿಯುತ್ತಾರೆ ಅಂದರೆ ಮಕ್ಕಳು ಜಾತ್ರೆಗೆ ಬಂದ ಹಾಗೆ ಸೇರುತ್ತವೆ. ಮಕ್ಕಳನ್ನು ಕಾಯಲು ಅಂತಲೇ ಒಬ್ಬರನ್ನು ನಿಲ್ಲಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ನೀಲಗಿರಿ ಮರ ಉದ್ದಕ್ಕೆ ಸೀಳಿ ಮೇಲೆ ಹಾರಿತು. ಯಾಕೆ?

ಜಾಸ್ತಿ ವಾಲಿದ ಮರದಲ್ಲಿ ಹಿಂಬದಿ ಬಿಲ್ಲಿನ ಹಗ್ಗದ ಹಾಗೆ ಬಿಗಿದಿರುತ್ತದೆ. ಸಾಮಾನ್ಯ ರೀತಿಯಲ್ಲಿ ಹಿಂದಿನಿಂದ ಕೊಯ್ಯುತ್ತಾ ಹೋದರೆ ಕೀಲು ತೆಳುವಾಗುವ ಮೊದಲೇ ಮರ ಹೊರಡುತ್ತದೆ, ಬೊಡ್ಡೆ ಉದ್ದಕ್ಕೆ ಸೀಳಿ ಗರಗಸ ಹಿಡಿದು ಹಿಂದೆ ನಿಂತವನ ಮುಖ, ಎದೆಗೆ ಬಂದು ಬಡಿಯುತ್ತದೆ. ನೀಲಗಿರಿ ಸುಲಭವಾಗಿ ಸೀಳುವ ಜಾತಿ. ಬಲ್ಲವರು ಇಂಥ ಮರದಲ್ಲಿ ನಡುವೆ ತೂತು ಹೊಡೆದು, ಕೀಲನ್ನು ಮೊದಲು ಮಾಡಿಕೊಂಡು, ಹಿಂದಿನ ಪಟ್ಟಿಯನ್ನು ಕೊನೆಗೆ ಕತ್ತರಿಸುತ್ತಾರೆ. ಗರಗಸದ ಮೂತಿಯನ್ನು ಮರಕ್ಕೆ ಚುಚ್ಚುವ ಕೆಲಸ ಅದು. ಮೂತಿಯ ಮೇಲ್ತುದಿ ತಾಗಿದರೆ ಗರಗಸ ಮುಖಕ್ಕೆ ಎಗರುತ್ತದೆ. ಪಕ್ಕದಲ್ಲಿ ಕಲಿಸುವವರು ಇಲ್ಲದೆ ಮಾಡಬೇಡಿ.

ಮರ ಇನ್ನೊಂದು ಮರಕ್ಕೆ ಸಿಕ್ಕಿಹಾಕಿಕೊಂಡಿದೆ.

ಕೆಳಗೆ ಹೋಗಬೇಡಿ. ಹಿಡಿದುಕೊಂಡ ಮರವನ್ನು ಕಡಿಯಬೇಡಿ, ಮೇಲೆ ಹತ್ತಬೇಡಿ, ರಾತ್ರಿ ಹಾಗೇ ಬಿಟ್ಟು ಮನೆಗೆ ಹೋಗಬೇಡಿ. ಉದ್ದ ಸರಪಳಿ ಹಾಕಿ ದೂರದಿಂದ ಬುಡವನ್ನು ಹಿಂದಕ್ಕೆ ಎಳೆಸಬೇಕು. ಅಲ್ಲಿಯ ತನಕ ಸುತ್ತ ಹಗ್ಗ ಕಟ್ಟಿ ಜನ ದನ ತಡೆಯಿರಿ.

ಗಾಳಿಗೆ ಈಗಾಗಲೇ ಬಿದ್ದ ಮರ ಸುರಕ್ಷಿತ ಅಲ್ವಾ?

ಅಲ್ಲ. ಬೇರಿನ ಗಡ್ಡೆ ಎದ್ದು ನಿಂತಿದ್ದರೆ, ಬೊಡ್ಡೆ ಕತ್ತರಿಸಿದ ಕೂಡಲೇ ಅದು ಧಡ್ ಅಂತ ಗುಂಡಿಗೆ ವಾಪಸ್ ಕೂರಬಹುದು. ಆ ಗುಂಡಿಯಲ್ಲೇ ಮಕ್ಕಳು ಆಡುತ್ತಿರುತ್ತವೆ. ಬಾಗಿ ಸಿಕ್ಕಿಕೊಂಡ ಟೊಂಗೆ ಬಿಗಿದ ಬಿಲ್ಲು ಇದ್ದ ಹಾಗೆ, ಬಳ್ಳಾರಿ ಜಾಲಿಯಲ್ಲಿ ಇದು ಜಾಸ್ತಿ. ಒತ್ತಿಕೊಂಡ ಒಳಬದಿಗೆ ಮೊದಲು ಸ್ವಲ್ಪ ಕೊಯ್ಯಿರಿ, ಆಮೇಲೆ ಬಿಗಿದ ಹೊರಬದಿಯನ್ನು ಚೂರು ಚೂರೇ. ಅದು ಚಿಮ್ಮುವ ಹಾದಿಯಲ್ಲಿ ನಿಲ್ಲಬೇಡಿ.

ಬಟ್ಟೆಬರೆ?

ಲುಂಗಿ, ಹೆಗಲ ಮೇಲಿನ ಟವೆಲ್, ಹವಾಯಿ ಚಪ್ಪಲಿ ಮನೆಯಲ್ಲೇ ಬಿಡಿ. ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಗಟ್ಟಿ ಬೂಟು, ಚೈನ್ ತಡೆಯುವ ಪ್ಯಾಂಟ್ ಹಾಕಿಕೊಳ್ಳಿ. ಏಣಿಯ ಮೇಲೆ ನಿಂತಾಗಲಿ, ಹೆಗಲಿಗಿಂತ ಮೇಲೆ ಎತ್ತಿಯಾಗಲಿ ಮೆಷಿನ್ ಓಡಿಸಲೇಬಾರದು. ಏಪ್ರಿಲ್, ಮೇ ಬಿಸಿಲಿಗೆ ಹತ್ತು ಗಂಟೆ ದಾಟಿದರೆ ಕೈ ನಡುಗುತ್ತದೆ, ತಲೆ ಓಡುವುದಿಲ್ಲ. ಬೆಳಗ್ಗೆ ಆರಕ್ಕೆ ಶುರು ಮಾಡಿ.

ಯಾರಿಗಾದರೂ ಪೆಟ್ಟಾದರೆ?

108ಕ್ಕೆ ಫೋನ್. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ತಲೆಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಎಳೆದಾಡಬೇಡಿ. ಹೊಲದಲ್ಲಿ ಕೆಲಸ ಇದ್ದರೆ ಅಲ್ಲಿಗೆ ಗಾಡಿ ಬರುವ ದಾರಿ ಯಾವುದು ಅಂತ ಮೊದಲೇ ಎಲ್ಲರಿಗೂ ಗೊತ್ತಿರಲಿ.

ಯಾರಿಗೂ ಏನೂ ಆಗಲಿಲ್ಲ. ಮತ್ತೆ ಯಾಕೆ ಕೆದಕಬೇಕು?

ನಾನು ಈ ಬರಹ ಶುರು ಮಾಡಿದ್ದೇ ಈ ಪ್ರಶ್ನೆಗಾಗಿ. ಮರ ತಪ್ಪು ಕಡೆ ಬಿದ್ದಾಗ ನಮ್ಮಲ್ಲಿ ಬರುವ ಮೊದಲ ಮಾತು "ಪುಣ್ಯ, ಯಾರಿಗೂ ಏನೂ ಆಗ್ಲಿಲ್ಲ". ಚಹಾ ಬರುತ್ತದೆ, ಕಟ್ಟಿಗೆ ಹಂಚಿಕೊಳ್ಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ ಜನ, ಅದೇ ಹಗ್ಗ, ಅದೇ ಅಳತೆಯಲ್ಲಿ ಮುಂದಿನ ಮರಕ್ಕೆ ಹೋಗುತ್ತಾರೆ. ನಮ್ಮ ಟ್ರ್ಯಾಕ್ಟರ್ 30 ಅಡಿಯಲ್ಲಿ ನಿಂತಿತ್ತು ಅನ್ನುವುದು ಯಾರಿಗೂ ಗಾಯ ಆಗದ ಕಾರಣಕ್ಕೇ ಮುಚ್ಚಿಹೋಗುತ್ತಿತ್ತು. ಆ ಹಿರಿಯರು ಬರದಿದ್ದರೆ ಮುಂದಿನ ಸಲವೂ ಅಲ್ಲೇ ನಿಲ್ಲಿಸುತ್ತಿದ್ದೆವು.

ಈಗ ನಾವು ಮಾಡುವುದು ಇಷ್ಟು. ಮರ ಬಿದ್ದ ಮೇಲೆ, ಸರಿಯಾಗಿ ಬಿದ್ದರೂ, ಕೊಂಬೆ ಸವರುವ ಮೊದಲು ಎಲ್ಲರೂ ಮೋಟಿನ ಹತ್ತಿರ ಬರುತ್ತೇವೆ. ಕೀಲು ಅಳೆಯುತ್ತೇವೆ. ಎರಡೂ ತುದಿ ಒಂದೇ ಸಮ ಇದೆಯಾ, ನಾರು ಎಲ್ಲಿ ಕಿತ್ತಿದೆ ಅಂತ ನೋಡುತ್ತೇವೆ. ಮರ ಬಿದ್ದ ಗೆರೆಗೂ ನಾವು ಅಂದುಕೊಂಡ ಗೆರೆಗೂ ಎಷ್ಟು ಅಂತರ ಅಂತ ಹೆಜ್ಜೆ ಹಾಕುತ್ತೇವೆ. ಆಮೇಲೆ ಪ್ರತಿಯೊಬ್ಬರೂ ತಾವು ನಿಂತ ಜಾಗ ತೋರಿಸಬೇಕು. "ನಾನು ಎಲ್ಲಿದ್ದೆ, ಏನು ನೋಡಿದೆ, ನೋಡಿಯೂ ಯಾಕೆ ಹೇಳಲಿಲ್ಲ." ಕೊನೆಯದೇ ಕಷ್ಟದ್ದು. ನಮ್ಮ ಬೇವು ಕಡಿದ ದಿನ, ಮರ ಉತ್ತರಕ್ಕೆ ವಾಲಿದ್ದು ಪಕ್ಕದ ಮನೆಯ ಅಜ್ಜಿಗೆ ಕಂಡಿತ್ತಂತೆ. ಗಂಡಸರು ಕೆಲಸದಲ್ಲಿದ್ದಾರೆ, ನನ್ನ ಮಾತು ಯಾರು ಕೇಳುತ್ತಾರೆ ಅಂತ ಸುಮ್ಮನಾದಳಂತೆ. ಇದು ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಹಾಗಾಗಿ ಈಗ ಗರಗಸ ಚಾಲೂ ಮಾಡುವ ಮೊದಲು ಅಲ್ಲಿ ಇದ್ದವರನ್ನೆಲ್ಲ ಕೇಳುತ್ತೇವೆ, ಹೆಂಗಸರು, ಕೂಲಿಯವರು, ಯಾರೇ ಆಗಲಿ. ಯಾರು "ನಿಲ್ಲಿ" ಅಂದರೂ ನಿಲ್ಲುತ್ತೇವೆ.

ತಪ್ಪು ಮಾಡಿದವರನ್ನು ಬೈಯದೆ ಇರಲು ಆಗುತ್ತದಾ?

ಕಷ್ಟ. ಆದರೆ ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಗರಗಸ ಹಿಡಿದವನು ನಾನು. ಅಪ್ಪ ಅವತ್ತು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಹೊಟ್ಟಿನ ಬಣ್ಣ ಯಾವಾಗ ಬದಲಾಯಿತು?" ಅಂತಷ್ಟೇ ಕೇಳಿದರು. ಅದಕ್ಕೇ ನಾನು ನಿಜ ಹೇಳಿದೆ.

ಬುಡ ಪೊಳ್ಳಾಗಿದ್ದಾದರೂ ಯಾಕೆ? ಮೊದಲೇ ತಡೆಯಬಹುದಿತ್ತಾ?

ತಡೆಯಬಹುದಿತ್ತು. ನಮ್ಮ ಒಲೆಯ ಬಿಸಿ ಬೂದಿ, ಹಿತ್ತಿಲ ಕಸ ಎಲ್ಲ ಅಡುಗೆಮನೆಗೆ ಹತ್ತಿರ ಅಂತ ಆ ಬೇವಿನ ದಕ್ಷಿಣದ ಬುಡಕ್ಕೇ ಹೋಗುತ್ತಿತ್ತು. ಅಲ್ಲೇ ಬೆಂಕಿಯೂ ಹಚ್ಚುತ್ತಿದ್ದೆವು. ತೊಗಟೆ ಸುಟ್ಟು ಬಾಯಿ ಬಿಟ್ಟಿತು, ಅಲ್ಲಿಂದ ಕೊಳೆ ಇಳಿಯಿತು, ಹಿಂದೆಯೇ ಗೆದ್ದಲು ಬಂತು. ಇಪ್ಪತ್ತು ವರ್ಷ ನಾವೇ ಸುಟ್ಟ ಜಾಗಕ್ಕೆ ಕೊನೆಗೆ ಗರಗಸ ಇಳಿಯಿತು. ಬುಡಕ್ಕೆ ಬೆಂಕಿ ಹಾಕಬೇಡಿ, ಬೊಡ್ಡೆಗೆ ಒತ್ತಿ ಸಿಮೆಂಟ್ ಕಟ್ಟೆ ಕಟ್ಟಬೇಡಿ, ಪೈಪಿಗೆ ಅಗೆಯುವಾಗ ದೊಡ್ಡ ಬೇರು ಕಡಿಯಬೇಡಿ. ಹೊಸ ಬೇವು ನೆಡುವುದಾದರೆ ಗೋಡೆಯಿಂದ 20 ಅಡಿಯಾದರೂ ದೂರ ನೆಡಿ.

ಹಳೆ ಮೋಟು ಇನ್ನೂ ಇದೆ. ಉತ್ತರದ ಬದಿ, ನಾರು ಕಿತ್ತು ನಿಂತಿದ್ದ ಕಡೆಯಿಂದ ಚಿಗುರು ಬಂದಿದೆ. ಯುಗಾದಿಗೆ ಅವ್ವ ಬೇವು ಮುರಿಯುವುದು ಅದರಿಂದಲೇ.